ಹೊಸ್ತಿಲ ಬಳಿ ಹೇಳಿದ ಮಾತು

ಹಾಲಹಟ್ಟಿಯ ಜಕ್ಕಪ್ಪ ಯಾವ ಮಾತನ್ನೂ ಎರಡು ಸಲ ಆಡುವ ಮನುಷ್ಯನಲ್ಲ. ಉಣ್ಣಲು ಬಾ ಎಂದು ಒಮ್ಮೆ ಕರೆದನೆಂದರೆ ಕರೆದ. ಬರದವರ ಗಂಗಾಳ ಮುಚ್ಚಿಡುವುದು ಹೆಂಡತಿ ಮಾಯವ್ವನ ಕೆಲಸ. ಅವನ ಕುರಿನಾಯಿ ಕೂಡ ಮೊದಲ ಸಿಳ್ಳಿಗೇ ಓಡಿ ಬರುತ್ತಿತ್ತು. ಎರಡನೆಯ ಸಿಳ್ಳು ಇರುವುದಿಲ್ಲವೆಂದು ಆ ಮೂಕಪ್ರಾಣಿಗೂ ತಿಳಿದಿತ್ತು. ಇಂಥವನ ಮಗಳು ಮಾಲಾ, ಕೇಳಿದ್ದನ್ನೇ ಹತ್ತು ಜನರಿಗೆ ಕೇಳಿ, ಅವರ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ಎಂದು ನೋಡುವ ಕಸುಬು ಹಿಡಿದಳು. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ, ಏನು ಮಾಡುವುದು!

ಅವಳು ಜಮಖಂಡಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕಿ. ರಾಜ್ಯಶಾಸ್ತ್ರ ಅಂದರೆ ಜನ ಚುನಾವಣೆ ಅಂದುಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ, "ಈ ಸಲ ಯಾರ್ ಬರತಾರ್ರೀ ಮೇಡಮ್ಮ?" ಎಂದು ಕೇಳುತ್ತಾರೆ. ಯಾರು ಬರುತ್ತಾರೆ ಎಂಬುದರಲ್ಲಿ ಮಾಲಾಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಬಂದವನ ಸುತ್ತ ಯಾರು ಕೂರುತ್ತಾರೆ, ಯಾರ ಮಾತು ಅವನ ಕಿವಿಗೆ ಬೀಳುತ್ತದೆ, ಯಾರದು ಬೀಳುವುದಿಲ್ಲ, ಅವಳಿಗೆ ಬೇಕಾದದ್ದು ಅದು.

ಈ ಹುಚ್ಚು ಹಿಡಿದದ್ದು ತೊಂಬತ್ತೇಳರಲ್ಲಿ. ಬಿಜಾಪುರದಿಂದ ಬಾಗಲಕೋಟೆ ಬೇರೆಯಾಗಿ ಹೊಸ ಜಿಲ್ಲೆಯಾದ ವರ್ಷ ಅದು. ಹೊಸ ಜಿಲ್ಲೆ ಅಂದಮೇಲೆ ಹೊಸ ಕಚೇರಿಗಳು, ಬಾಡಿಗೆ ಕಟ್ಟಡಗಳು, ಎಲ್ಲಿ ನೋಡಿದರೂ ಬಡಿಗರು. ಅಂಥ ಒಂದು ಕಟ್ಟಡದಲ್ಲಿ ಸಾಹೇಬರ ಕೋಣೆಗೆ ಎರಡು ಬಾಗಿಲಿದ್ದವು. ಒಂದನ್ನು ಇಟ್ಟಂಗಿ ಹಾಕಿ ಮುಚ್ಚಿಸಿದರು. ಮುಚ್ಚಿದ ಮರುದಿನದಿಂದಲೇ, ಉಳಿದ ಬಾಗಿಲಿನ ಪಕ್ಕ ಕೂರುತ್ತಿದ್ದ ಗುಮಾಸ್ತನಿಗೆ ಜನ ಎದ್ದು ನಿಂತು ಕೈಮುಗಿಯತೊಡಗಿದರು. ಆತನ ಸಂಬಳ ಏರಿರಲಿಲ್ಲ, ಹುದ್ದೆ ಬದಲಾಗಿರಲಿಲ್ಲ. ಬದಲಾದದ್ದು ಗೋಡೆ. ಯಾವುದೋ ದಾಖಲೆಗೆಂದು ಹೋಗಿ ಸಾಲಿನಲ್ಲಿ ನಿಂತಿದ್ದ ಮಾಲಾ ಅದನ್ನು ನೋಡಿದಳು, ಮನೆಗೆ ಬಂದಳು, ಪಿಎಚ್‌ಡಿಗೆ ಅರ್ಜಿ ಹಾಕಿದಳು.

ಅವಳ ಮಾರ್ಗದರ್ಶಕರು ಬನಹಟ್ಟಿಯ ಬಸಗೊಂಡಪ್ಪ ಸರ್. ನೇಕಾರ ಮನೆತನ. ಮನೆಯ ಮುಂಭಾಗದಲ್ಲಿ ತಮ್ಮನ ಪಾವರ್‌ಲೂಮುಗಳು ಮುಂಜಾನೆಯಿಂದ ಸಂಜೆಯತನಕ ದಡಬಡ ಎನ್ನುತ್ತಿದ್ದವು. ಹಿಂದಿನ ಕೋಣೆಯಲ್ಲಿ ಪುಸ್ತಕಗಳ ನಡುವೆ ಸರ್. ಹಾಗಾಗಿ ಆ ಮನೆಯಲ್ಲಿ ರಾಜ್ಯಶಾಸ್ತ್ರವನ್ನೆಲ್ಲ ಒದರಿಯೇ ಮಾತಾಡಬೇಕು. "ಅಧಿಕಾರ ಅನ್ನೂದು ಭಾಳ ಸೂಕ್ಷ್ಮ ಐತವಾ!" ಎಂದು ಅವರು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಅಲ್ಲಿ ಕೂಗಾಡುತ್ತಲೇ ಮಾಲಾ ತನ್ನ ವಿಷಯವನ್ನು ಹದಕ್ಕೆ ತಂದಳು. ಕಚೇರಿಗಳಲ್ಲಿ ಎರಡು ಬಗೆ ಎಂದಳು. ಒಂದು ಗಾಲಿಯ ಬಗೆ: ಚಕ್ಕಡಿಯ ಗಾಲಿಯಲ್ಲಿ ಅರಗಳೆಲ್ಲ ನಡುವಿಗೆ ಬಂದು ಕೂಡುವಂತೆ, ಹತ್ತಾರು ಜನ ನೇರ ಸಾಹೇಬನ ಹತ್ತಿರ ಹೋಗುತ್ತಾರೆ, ಸಾಹೇಬನಿಗೆ ಎಲ್ಲ ಗೊತ್ತಾಗುತ್ತದೆ, ತಲೆ ಮಾತ್ರ ಕೆಟ್ಟು ಹೋಗುತ್ತದೆ. ಇನ್ನೊಂದು ಒಂದೇ ಬಾಗಿಲಿನ ಬಗೆ: ನಡುವೆ ಒಬ್ಬ ನಿಂತು ಎಲ್ಲವನ್ನೂ ಸೋಸಿ ಒಳಗೆ ಬಿಡುತ್ತಾನೆ, ಕೆಲಸ ಚುರುಕು, ಆದರೆ ಆತ ಸೋಸಿ ಚೆಲ್ಲಿದ್ದು ಏನೆಂದು ಸಾಹೇಬನಿಗೆ ಗೊತ್ತೇ ಆಗುವುದಿಲ್ಲ.

ಮಾತಿನಲ್ಲಿ ಹೇಳುವುದು ಸುಲಭ. ಕಣ್ಣಾರೆ ನೋಡಬೇಕಲ್ಲ! ಯಾವ ಕಚೇರಿಯವರು ಒಬ್ಬ ಹೆಣ್ಣುಮಗಳನ್ನು ಒಳಗೆ ಕೂರಿಸಿಕೊಂಡು, ನಮ್ಮನ್ನು ನೋಡಿಕೋ ತಾಯಿ ಅಂತಾರೆ? ಎರಡು ವರ್ಷ ಅಲೆದಮೇಲೆ ಬೀಳಗಿಯಲ್ಲಿ ಒಂದು ಕಚೇರಿ ಒಪ್ಪಿತು. ಆಣೆಕಟ್ಟಿನ ಹಿನ್ನೀರಿಗೆ ಹೋಗುವ ಊರುಗಳಿಗೆ ಬೇರೆ ಜಾಗ ತೋರಿಸುವ ಕಚೇರಿ. ಹೆಸರು ಇಲ್ಲಿ ಬೇಡ. ಜನ ಅದನ್ನು ಮುಳುಗಡೆ ಆಫೀಸು ಅನ್ನುತ್ತಿದ್ದರು, ನಾವೂ ಅಷ್ಟೇ ಅನ್ನೋಣ. ಅಲ್ಲಿನ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ದೂರದ ರಾಜ್ಯದವರು, ಕನ್ನಡ ಕಲಿಯುತ್ತಿದ್ದವರು. ಅವರ ಆಪ್ತ ಸಹಾಯಕ ಗಿರಿಮಲ್ಲಪ್ಪ. ಆ ಕಚೇರಿಯ ಒಂದೇ ಬಾಗಿಲು ಅಂದರೆ ಅವನೇ. ಲಂಚ ಮುಟ್ಟಿದವನಲ್ಲ, ತಡವಾಗಿ ಬಂದವನಲ್ಲ, ಒಂದು ಕಾಗದ ಕಳೆದವನಲ್ಲ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬರುವುದಿಲ್ಲ, ಅದೇ ಕಷ್ಟ.

"ನೋಡ್ರಿ ಮೇಡಂ," ಎಂದ ಗಿರಿಮಲ್ಲಪ್ಪ ಮೊದಲ ದಿನವೇ. "ನೀವು ನೋಡ್ರಿ, ಕೇಳ್ರಿ, ಬರಕೊಳ್ರಿ. ಆದ್ರ ಹೊರಗಿನವರದು ಒಂದ ಮಾತೂ ನಿಮ್ಮ ಬಾಯಿಂದ ಒಳಗ ಬರಬಾರದು. ಯಾರ ಪರವಾಗಿನೂ. ಬಂತಂದ್ರ ಅವತ್ತ ನಿಮ್ಮ ಪರವಾನಿಗಿ ಮುಗೀತು, ಇಲ್ಲಿ ಬರಕೊಂಡಿದ್ದೂ ಇಲ್ಲೇ ಬಿಟ್ಟು ಹೋಗಬೇಕು. ಆತ್ರ್ಯಾ?"

"ಆತ್ರೀ," ಎಂದಳು ಮಾಲಾ. ಸಹಿ ಮಾಡಿದಳು. ಆಗ ಅವಳಿಗೆ ಅದು ನ್ಯಾಯವಾಗಿಯೇ ಕಂಡಿತು. ನೋಡಲು ಬಂದವಳು ಕೈ ಹಾಕಿದರೆ ನೋಡಿದ್ದು ಏನು ಉಳಿಯಿತು?

ಸಾಹೇಬರ ಕೋಣೆಯ ಎದುರಿನ ಗೋಡೆಗೆ ಒಂದು ಸ್ಟೂಲು. ಕಾಲೇಜು ಮುಗಿಸಿ ಬಂದು, ರಜೆಯಿದ್ದಾಗ ದಿನವಿಡೀ, ಅವಳು ಅದರ ಮೇಲೆ ಕೂರತೊಡಗಿದಳು. ಬಾಗಿಲಲ್ಲಿ ದಫೇದಾರ ಹೊಳೆಪ್ಪ ನಿಂತಿರುತ್ತಿದ್ದ. ತಲೆಗೆ ಬಿಳಿ ಪೇಟ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ನಡುವೆ ಹಿತ್ತಾಳೆಯ ಬಿಲ್ಲೆ. ಬಾಗಿಲು ತೆಗೆಯುವುದು, ಹಾಕುವುದು, ಸಾಹೇಬರು ಹೊರಟರೆ ಸಲಾಮು ಹೊಡೆಯುವುದು, ಇಷ್ಟು ಅವನ ಕೆಲಸ. ಮಧ್ಯಾಹ್ನ ಅವಳಿಗೂ ಒಂದು ಕಪ್ ಚಹಾ ತಂದು ಕೊಡುತ್ತಿದ್ದ. ಅವಳು ಅವನನ್ನು ಕಾಕಾ ಎನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಒಂದು ದಿನ ಜಕ್ಕಪ್ಪ ಊರಿನ ನಾಲ್ಕು ಹಿರಿಯರೊಂದಿಗೆ ಅಲ್ಲಿಗೆ ಬಂದ. ಹಾಲಹಟ್ಟಿಯೂ ನೀರಿಗೆ ಹೋಗುವ ಊರೇ. ಬರುತ್ತಾನೆಂದು ಮಾಲಾಗೆ ಗೊತ್ತಿತ್ತು. "ಅಪ್ಪಾ, ಆಫೀಸಿನಾಗ ನಾ ನಿನ್ನ ಮಗಳಲ್ಲ, ನನ್ನ ನೋಡಬ್ಯಾಡ," ಎಂದು ಮೊದಲೇ ಹೇಳಿದ್ದಳು. ಜಕ್ಕಪ್ಪ ಅಂದರೆ ಜಕ್ಕಪ್ಪ. ಒಮ್ಮೆ ಹೇಳಿದ್ದು ಸಾಕು ಅವನಿಗೆ, ಸ್ಟೂಲಿನ ಕಡೆ ಕಣ್ಣೆತ್ತಲಿಲ್ಲ. ಗಿರಿಮಲ್ಲಪ್ಪನ ಮೇಜಿನ ಕಡೆಯೂ ಹೋಗಲಿಲ್ಲ. ನೆಟ್ಟಗೆ ಬಾಗಿಲ ಹತ್ತಿರ ಹೋಗಿ, ಕಾಲ್ಮರಿ ಕಳಚಿಟ್ಟು, ಹೆಗಲ ಕಂಬಳಿಯನ್ನು ಕೈಗೆ ತೆಗೆದುಕೊಂಡು, ಹೊಳೆಪ್ಪನ ಮುಂದೆ ತಲೆಬಾಗಿ ನಿಂತ.

"ಯಪ್ಪಾ, ನಾವು ಹಾಲಹಟ್ಟಿಯವರು. ಊರು ನೀರಾಗ ಹೊಂಟೈತಿ, ಹೋಗ್ಲಿ. ನಮ್ಮನ್ನ ಎಲ್ಲಿ ಇಟ್ರೂ ಇಡ್ರಿ, ಖರೆ ಎಲ್ಲಾರ್ನೂ ಒಂದ ಕಡೆ ಇಡ್ರಿ. ಹಳ್ಳದ ಆ ದಂಡಿಯವರು ಕುರಿ ಹಿಂದ ಹೋಗತೇವಿ, ಈ ದಂಡಿಯವರು ಹೊಲಾ ಮಾಡತಾರ. ಅವರ ಜ್ವಾಳ ನಾವು ಉಣತೇವಿ, ಅವರ ಹೊಲದಾಗ ಗೊಬ್ಬರಕ್ಕ ನಮ್ಮ ಕುರಿ ನಿಲ್ಲಸತೇವಿ. ನಾವು ದೇಶಾಂತರ ಹೋದಾಗ ನಮ್ಮ ಮನ್ಯಾಗಿನ ಮುದುಕರನ್ನ ಅವರ ನೋಡತಾರ. ಬ್ಯಾರೆ ಬ್ಯಾರೆ ಮಾಡಿದ್ರ ಎರಡೂ ಕಡೆಯವರು ಕೆಡತೇವಿ. ಇಷ್ಟ ನಮ್ಮ ಮಾತು."

ಹೊಳೆಪ್ಪ ಎದೆಯ ಮೇಲೆ ಕೈಯಿಟ್ಟು ಕೇಳಿದ, ನಿಧಾನಕ್ಕೆ ತಲೆಯಾಡಿಸಿದ. ಜಕ್ಕಪ್ಪ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು, ಬೆನ್ನು ತೋರಿಸದೆ ಹಿಂದೆ ಸರಿದು, ಹೊರಟುಹೋದ.

ಮಾಲಾ ಖುಷಿಯಿಂದ ಬರೆದುಕೊಂಡಳು. ಊರ ಬೀರೇಶ್ವರನ ಗುಡಿಯಲ್ಲಿ ಜನ ನಿಲ್ಲುವುದೇ ಹಾಗೆ! ಅಲ್ಲಿ ಯಾರೂ ದೇವರಿಗೆ ನೇರ ಹೇಳಿಕೊಳ್ಳುವುದಿಲ್ಲ. ಹೊಸ್ತಿಲಲ್ಲಿ ನಿಂತ ಪೂಜಾರಿಗೆ ಹೇಳಿದರೆ ಮುಗಿಯಿತು, ಅವನು ಒಳಗೆ ಮುಟ್ಟಿಸುತ್ತಾನೆ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದೂ ಇಲ್ಲ. ಹೇಳಿದರೆ ಪೂಜಾರಿಯನ್ನು ಸುಳ್ಳನೆಂದಂತೆ, ದೇವರನ್ನು ಕಿವುಡನೆಂದಂತೆ. ಆ ನಡತೆ ಕಚೇರಿಗೆ ಬಂದು ನಿಂತದ್ದನ್ನು ಕಂಡು ಅವಳಿಗೆ ಒಂದು ಇಡೀ ಅಧ್ಯಾಯ ಸಿಕ್ಕಂತಾಯಿತು. ಓದಿದವರಿಗೆ ಇದೊಂದು ರೋಗ ನೋಡಿ, ಕಣ್ಣೆದುರು ಮನೆ ಉರಿದರೂ ಜ್ವಾಲೆಯ ಬಣ್ಣ ಯಾವುದು ಎಂದು ನೋಡುತ್ತಾರೆ.

ಬಣ್ಣ ಬಿಟ್ಟು ಬೆಂಕಿ ಕಂಡದ್ದು ಕೆಲವು ವಾರಗಳ ನಂತರ. ನಾಡಿದ್ದು ಜಾಗ ಹಂಚುವ ಸಭೆ; ಅಲ್ಲಿ ಸಾಹೇಬರು ನಕ್ಷೆಗೆ ಸಹಿ ಹಾಕಿದರೆಂದರೆ ಮುಗಿಯಿತು, ಆಮೇಲೆ ಯಾವ ಊರೂ ಅಲುಗುವ ಹಾಗಿಲ್ಲ. ಗಿರಿಮಲ್ಲಪ್ಪ ಟೈಪಿಸ್ಟನಿಗೆ ಟಿಪ್ಪಣಿ ಹೇಳಿ ಬರೆಸುತ್ತಿದ್ದ. ಸ್ಟೂಲಿನ ಮೇಲಿದ್ದ ಮಾಲಾಗೆ ಪ್ರತಿ ಶಬ್ದವೂ ಕೇಳುತ್ತಿತ್ತು.

"ಹಾಲಹಟ್ಟಿ. ಹಳ್ಳದ ಮೂಡಲ ದಂಡೆಯ ಮನೆಗಳು ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ. ಪಡುವಲ ದಂಡೆಯ ಮನೆಗಳು ಮುಧೋಳ ಕಡೆಯ ಕೇಂದ್ರಕ್ಕೆ. ಗ್ರಾಮಸ್ಥರಿಂದ ಯಾವುದೇ ತಕರಾರು ಬಂದಿಲ್ಲ."

ತಕರಾರು ಬಂದಿಲ್ಲ? ಅವಳ ಕಣ್ಣೆದುರೇ ಬಂದಿತ್ತಲ್ಲ! ಇದೇ ಹೊಸ್ತಿಲಲ್ಲಿ, ಅವಳ ಹೆತ್ತ ತಂದೆಯ ಬಾಯಿಂದ!

ಚಹಾದ ಹೊತ್ತಿಗೆ ಹೊಳೆಪ್ಪನನ್ನು ಹೊರಗಿನ ಬೇವಿನ ಮರದ ಕೆಳಗೆ ಹಿಡಿದಳು. "ಕಾಕಾ, ಹಾಲಹಟ್ಟಿಯವರು ಹೇಳಿದ್ದು ಒಳಗ ಹೇಳಿದ್ರೇನ್ರೀ?"

"ನಾನಾ? ಒಳಗ?" ಹೊಳೆಪ್ಪ ಹೆದರಿಕೊಂಡಂತೆ ನೋಡಿದ. "ಇಷ್ಟು ವರ್ಷದಾಗ ನಾ ಒಳಗ ಬಾಯಿ ತೆಗದವನಲ್ಲವಾ. ಬಾಗಿಲಾ ತೆಗಿಯೂದು, ಹಾಕೂದು, ಅಷ್ಟ ನಂದು."

"ಮತ್ತ ತಲಿ ಯಾಕ ಆಡಿಸಿದ್ರಿ?"

"ಬಿಸಲಾಗ ದೂರಿಂದ ಬಂದಿರತಾರ. ಅವರದು ಕೇಳವರು ಯಾರದಾರ ಇಲ್ಲಿ? ಕೇಳಿದ್ರ ಪಾಪ, ಹಗುರಾಗಿ ಹೋಗತಾರ." ಹೊಳೆಪ್ಪ ಕಪ್ಪು ಕೆಳಗಿಟ್ಟ. "ಯಾಕವಾ, ಏನಾತು?"

ಮಾಲಾ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಗಿನ ಬಸ್ಸಿಗೆ ಬನಹಟ್ಟಿಗೆ ಹೋದಳು. ಮಗ್ಗಗಳ ಸದ್ದಿನಲ್ಲಿ ಎಂದಿನಂತೆ ಒದರಿ ಹೇಳತೊಡಗಿದಳು. ಅರ್ಧ ಹೇಳುವಷ್ಟರಲ್ಲಿ ಬಸಗೊಂಡಪ್ಪ ಸರ್ ಎದ್ದುಹೋಗಿ ತಮ್ಮನಿಗೆ ಏನೋ ಅಂದರು. ಮಗ್ಗಗಳು ನಿಂತವು. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಅವಳು ಎಂದೂ ಕೇಳಿರದ ನಿಶ್ಶಬ್ದ. ಉಳಿದರ್ಧವನ್ನು ಪಿಸುಮಾತಿನಲ್ಲಿ ಹೇಳಿ ಮುಗಿಸಿದಳು.

"ನೀ ಹೋಗಿ ಸಾಹೇಬಗ ಹೇಳಿದಿ ಅನ್ನು," ಎಂದರು ಸರ್ ಮೆಲ್ಲಗೆ. "ಏನ್ ಆಗತೈತಿ?"

"ಅವರು ಗಿರಿಮಲ್ಲಪ್ಪಗ ಕೇಳತಾರ್ರಿ. ತಕರಾರು ಬಂದಿಲ್ಲ ಸರ್, ಈ ಮೇಡಂದು ಅದ ಊರು ಅಂತಾನ ಅವ. ಮುಗೀತು. ಬಾಗಿಲು ಬಿಟ್ಟು ಬಂದ ಮಾತು ತಿರುಗಿ ಬಾಗಿಲಿಗೇ ಹೋಗತೈತ್ರಿ."

"ಛಲೋ ಬರದಿದಿ ಅದನ್ನ, ಮೂರನೇ ಅಧ್ಯಾಯದಾಗ." ಸರ್ ನಗಲಿಲ್ಲ. "ಅಂದ್ರ ನಿನ್ನ ಪರವಾನಿಗಿನೂ ಹೋಗತೈತಿ, ಊರೂ ಉಳಿಯೂದಿಲ್ಲ. ಹಂಗಾದ್ರ ಊರವರ ಬಾಯಿಂದನ ಬರಬೇಕು. ಮಾಡೂದು ಬಿಡೂದು ನಾ ಹೇಳೂದಿಲ್ಲವಾ. ಹೇಳಿದ್ರ ನಾಳೆ ಎರಡರಾಗ ಒಂದಕ್ಕ ನೀ ನನ್ನ ಬಯ್ಯತಿ."

ಸಂಜೆ ಹಾಲಹಟ್ಟಿ ಮುಟ್ಟಿದಾಗ ಜಕ್ಕಪ್ಪ ಹಟ್ಟಿಯ ಬೇಲಿಗೆ ಮುಳ್ಳು ಹೊದಿಸುತ್ತಿದ್ದ. ಮಾಲಾ ನಿಂತ ಕಾಲಲ್ಲೇ ಹೇಳಿದಳು. ನಾಳೆ ಸಹಿ ಬೀಳುತ್ತದೆ, ನಿನ್ನ ಮಾತು ಒಳಗೆ ಹೋಗಿಲ್ಲ, ಬೆಳಿಗ್ಗೆ ಬಂದು ಗಿರಿಮಲ್ಲಪ್ಪನ ಮುಂದೆ ಇನ್ನೊಮ್ಮೆ ಹೇಳು.

"ಹೇಳೇನಿ," ಎಂದ ಜಕ್ಕಪ್ಪ, ಮುಳ್ಳು ಎಳೆಯುತ್ತಲೇ.

"ಅಪ್ಪಾ, ಆ ದಫೇದಾರ ಪೂಜಾರಿ ಅಲ್ಲೋ!"

"ಹಂಗಾದ್ರ ಅವನ್ನ ಬಾಗಿಲದಾಗ ಯಾಕ ನಿಲ್ಲಸ್ಯಾರ?"

ಬಾಗಿಲುಗಳ ಮೇಲೇ ನಾಲ್ಕು ವರ್ಷ ಓದಿದ್ದ ಮಗಳ ಮುಂದೆ ಇಟ್ಟ ಪ್ರಶ್ನೆ ಅದು. ಉತ್ತರಕ್ಕೆ ಕಾಯದೆ ಜಕ್ಕಪ್ಪನೇ ಮುಂದುವರಿಸಿದ: "ಮೈತುಂಬ ಅರಿವಿ, ತಲಿಗಿ ಪೇಟಾ, ಎದಿಮ್ಯಾಲೆ ಬಿಲ್ಲಿ ಹಾಕಿ ನಿಲ್ಲಸ್ಯಾರ. ಎದಿಗಿ ಕೈ ಇಟ್ಟು ಕೇಳಿದ. ನಾ ಮತ್ತೊಬ್ಬನ ಮುಂದ ಹೋಗಿ ಒದರಿದ್ರ ಅವನ್ನ ಸುಳ್ಳ ಮಾಡಿದಂಗ ಆಗೂದಿಲ್ಲೇನ?"

"ಊರು ಒಡದು ಹೋಗತೈತೆಪಾ!" ಮಾಲಾ ಕೂಗಿಯೇಬಿಟ್ಟಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. "ನಾಳೆ ಒಂದ ಸಹಿಗೆ ಹಳ್ಳದಾಚಿ ಸಾತವ್ವಾಯಿ ಮನಿ ಆ ಕಡೆ, ನಮ್ಮ ಮನಿ ಈ ಕಡೆ. ನೀ ಕುರಿ ಹೊಡಕೊಂಡು ಹೋದ ಮ್ಯಾಲೆ ಅವ್ವಗ ಜ್ವರ ಬಂದ್ರ ಗಂಜಿ ಕೊಡಾಕ ಯಾರ್ ಬರತಾರ?"

ಜಕ್ಕಪ್ಪನ ಕೈ ಮುಳ್ಳಿನಲ್ಲೇ ನಿಂತಿತು. ಒಲೆಯ ಮುಂದಿನಿಂದ ಮಾಯವ್ವ ಎದ್ದು ಬಂದಳು. ಅಷ್ಟು ಹೊತ್ತು ಎಲ್ಲ ಕೇಳಿಸಿಕೊಂಡಿದ್ದಳು.

"ಎರಡನೇ ಸಲ ಹೇಳಬ್ಯಾಡ್ರಿ," ಎಂದಳು ಗಂಡನಿಗೆ. "ಕೊಟ್ಟ ಮಾತು ತಿರುಗಿ ಬೇಡ್ರಿ."

ಜಕ್ಕಪ್ಪ ಹೆಂಡತಿಯ ಮುಖವನ್ನೇ ನೋಡಿದ. ಆ ಊರಲ್ಲಿ ಹಾಗೊಂದು ನಡೆ ಇತ್ತು, ಇದ್ದೂ ಇಲ್ಲದಂತೆ. ಪೂಜಾರಿ ಮಾತು ಮುಟ್ಟಿಸಿಲ್ಲವೆಂದು ಗಟ್ಟಿಯಾಗಿ ಅನಿಸಿದರೆ, ಭಕ್ತ ಹೊಸ್ತಿಲ ಮುಂದೆ ನಿಂತು ನನ್ನ ಮಾತು ನನಗೆ ಕೊಡು ಎಂದು ಕೇಳಬಹುದು. ಆಗ ಪೂಜಾರಿ ಅಲ್ಲೇ ಎಲ್ಲರೆದುರು ದೇವರಿಗೆ ಮಾತು ಮುಟ್ಟಿಸಬೇಕು, ಇಲ್ಲವೇ ಹೊಸ್ತಿಲು ಬಿಟ್ಟು ಇಳಿಯಬೇಕು. ಮನುಷ್ಯನ ಮಾನ ತೆಗೆಯುವ ಕೆಲಸ. ಜಕ್ಕಪ್ಪನ ಅಜ್ಜನ ಕಾಲದಲ್ಲಿ ಒಮ್ಮೆ ನಡೆದಿತ್ತಂತೆ. ಇಳಿದ ಪೂಜಾರಿ ಮತ್ತೆ ಊರಿಗೆ ಮುಖ ತೋರಿಸಲಿಲ್ಲವಂತೆ.

"ಆ ಮನಷಾ ಏನ್ ಮಾಡ್ಯಾನ ನನಗ?" ಎಂದ ಜಕ್ಕಪ್ಪ. ಆದರೂ ಬರುವುದಿಲ್ಲ ಅನ್ನಲಿಲ್ಲ.

ಸಭೆಯ ದಿನ ಮಾಲಾ ಬೇಗನೆ ಬಂದು ಸ್ಟೂಲಿನ ಮೇಲೆ ಕೂತಳು. ತೊಡೆಯ ಮೇಲೆ ಪುಸ್ತಕ ತೆರೆದಿತ್ತು, ಒಂದಕ್ಷರ ಬರೆಯಲಾಗಲಿಲ್ಲ. ಸಭೆ ಕೆಳಗಿನ ಹಾಲಿನಲ್ಲಿ. ಸಾಹೇಬರು ತಮ್ಮ ಕೋಣೆಯಿಂದ ಹೊರಟು, ಈ ನಡೆಮೊಗಸಾಲೆ ದಾಟಿ, ಮೆಟ್ಟಿಲಿಳಿದರೆ ಆಯಿತು. ಗಿರಿಮಲ್ಲಪ್ಪ ನಕ್ಷೆಗಳನ್ನು ಸುತ್ತಿ ಕಂಕುಳಲ್ಲಿ ಹಿಡಿದು ಒಳಗೆ ಹೋದ. ಹೊಳೆಪ್ಪ ಅವನ ಹಿಂದೆ ಬಾಗಿಲು ಹಾಕಿದ.

ಆಗ ಜಕ್ಕಪ್ಪ ಮೆಟ್ಟಿಲು ಹತ್ತಿ ಬಂದ. ಹಿಂದೆ ಹಳ್ಳದ ಎರಡೂ ದಂಡೆಯ ಹಿರಿಯರು. ಈ ಸಲ ಕಾಲ್ಮರಿ ಕಳಚಲಿಲ್ಲ, ಕಂಬಳಿ ಹೆಗಲಿನಿಂದ ಇಳಿಸಲಿಲ್ಲ. ಹೊಳೆಪ್ಪನ ಮುಂದೆ ನಿಂತು ಅವನ ಕಣ್ಣಲ್ಲಿ ಕಣ್ಣಿಟ್ಟ.

"ಹಾಲಹಟ್ಟಿ ಜಕ್ಕಪ್ಪ ನಾನು. ಇಲ್ಲಿ ನಿಮಗ ಒಂದ ಮಾತು ಕೊಟ್ಟಿದ್ದೆ. ನನ್ನ ಮಾತು ನನಗ ಕೊಡ್ರಿ."

ಹೊಳೆಪ್ಪನಿಗೆ ಆ ನಡೆ ಗೊತ್ತಿತ್ತೋ ಇಲ್ಲವೋ. ಆದರೆ ಹಿಂದೆ ಸಾಲಾಗಿ ನಿಂತ ಮುದುಕರ ಮುಖ ನೋಡಿದರೆ ಯಾರಿಗೂ ಅರ್ಥವಾಗುವಂತಿತ್ತು. ಅವನ ಮುಖ ಕಪ್ಪಿಟ್ಟಿತು. ಪಟ್ಟಿಯ ಮೇಲಿನ ಬಿಲ್ಲೆಯನ್ನು ಕೈಯಿಂದ ತಡವಿಕೊಂಡ.

ಅಷ್ಟರಲ್ಲಿ ಒಳಗಿನಿಂದ ಕರೆಗಂಟೆ ಕೇಳಿಸಿತು. ಕಾಲು ಶತಮಾನದ ರೂಢಿ; ಹೊಳೆಪ್ಪನ ಕೈ ತಾನಾಗಿ ಬಾಗಿಲು ತೆಗೆಯಿತು, ತಾನಾಗಿ ಸಲಾಮು ಹೊಡೆಯಿತು. ಸಾಹೇಬರು ಹೊರಬಂದರು. ಹಿಂದೆ ಗಿರಿಮಲ್ಲಪ್ಪ. ಹಿರಿಯರು ಗೋಡೆಗೆ ಸರಿದು ದಾರಿ ಬಿಟ್ಟರು. ಜಕ್ಕಪ್ಪನೂ ಸರಿದ. ಅವನು ಹೇಳುವುದನ್ನು ಹೇಳಿಯಾಗಿತ್ತು. ಇನ್ನು ಆ ಬಾಯಿ ಕತ್ತರಿಸಿದರೂ ತೆರೆಯುವುದಿಲ್ಲವೆಂದು ಕಚೇರಿಯ ಕಡೆಯವರಲ್ಲಿ ಗೊತ್ತಿದ್ದದ್ದು ಮಾಲಾಗೆ ಮಾತ್ರ.

ಸಾಹೇಬರು ಅವಳ ಸ್ಟೂಲನ್ನು ದಾಟಿದರು. ಗಿರಿಮಲ್ಲಪ್ಪ ದಾಟಿದ. ಮೆಟ್ಟಿಲು ಬಂತು. ಹೊಳೆಪ್ಪ ಕಲ್ಲಾಗಿ ನಿಂತೇ ಇದ್ದ, ಕಣ್ಣಲ್ಲಿ ನೀರು ತುಂಬಿ. ಅವನ ನೋಟ ಮಾಲಾಳ ಕಡೆ ತಿರುಗಿತು.

ಮಾಲಾ ಎದ್ದು ನಿಂತಳು. ಪುಸ್ತಕ ನೆಲಕ್ಕೆ ಬಿತ್ತು.

"ಸರ್!" ಎಂದಳು. ತನ್ನ ದನಿ ಬನಹಟ್ಟಿಯ ಮಗ್ಗದ ಮನೆಯಲ್ಲಿ ಇರುವಷ್ಟು ದೊಡ್ಡದಾಗಿ ಬಂದದ್ದು ಅವಳಿಗೇ ಕೇಳಿಸಿತು. "ಹೊಳೆಪ್ಪನ ಹತ್ತಿರ ಒಂದು ಮಾತಿದೆ."

ಸಾಹೇಬರು ತಿರುಗಿದರು. ಗಿರಿಮಲ್ಲಪ್ಪ ಕೂಡ ತಿರುಗಿದ. ಅವನ ಮುಖದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಮೇಡಂ..." ಎಂದ. ಅಷ್ಟೇ. ಅವಳಿಗೆ ತಿಳಿಯಿತು: ಮುಗಿಯಿತು. ಸ್ಟೂಲು, ಅಧ್ಯಾಯಗಳು, ಇಷ್ಟು ದಿನ ನೋಡಿದ್ದು, ಎಲ್ಲ.

"ಹೇಳಿ ಹೊಳೆಪ್ಪ," ಎಂದರು ಸಾಹೇಬರು ತಮ್ಮ ಹೊಸ ಕನ್ನಡದಲ್ಲಿ.

ಹೊಳೆಪ್ಪ ಹೇಳಿದ. ಹೇಗೆ ಹೇಳಿದನೋ ದೇವರೇ ಬಲ್ಲ. ತೊದಲಿದ, ನಿಂತ, ಮತ್ತೆ ಹಿಡಿದ. ಕುರಿಯವರು, ಹೊಲದವರು, ಒಂದ ಕಡೆ ಇಡ್ರಿ, ಮುದುಕರನ್ನ ನೋಡವರು. ಆ ದಂಡಿ ಎನ್ನುವಲ್ಲಿ ಈ ದಂಡಿ ಎಂದ. ಕೊನೆಗೆ ಪೇಟ ತೆಗೆದು ಕೈಯಲ್ಲಿ ಹಿಡಿದ. "ಸಾಹೇಬ್ರ, ಇವರು ನನಗ ಹೇಳಿ ಭಾಳ ದಿನಾ ಆತ್ರಿ. ನಾ ಒಳಗ ಹೇಳಲಿಲ್ರಿ."

ಸಾಹೇಬರು ಮೆಟ್ಟಿಲ ಕಡೆಯಿಂದ ಹಿಂದಕ್ಕೆ ಬಂದರು. "ಬೇರೆ ಊರಿನವರು ನಿಮಗೆ ಹೇಳಿದ್ದಾರಾ?"

"ಹೇಳ್ಯಾರ್ರಿ." ಎಂದ ಹೊಳೆಪ್ಪ. "ಎಷ್ಟೋ ಮಂದಿ ಹೇಳ್ಯಾರ್ರಿ ಸಾಹೇಬ್ರ. ಯಾರ್ಯಾರು ಏನೇನು ಅಂದ್ರು ನನಗ ನೆನಪಿಲ್ರಿ."

ಗಿರಿಮಲ್ಲಪ್ಪ ಕಂಕುಳಿನ ನಕ್ಷೆಗಳನ್ನು ನೋಡಿದ. ಅವುಗಳ ಜೊತೆಗಿದ್ದ ಟಿಪ್ಪಣಿಯಲ್ಲಿ ಪ್ರತಿ ಊರಿನ ಮುಂದೂ ತಕರಾರು ಬಂದಿಲ್ಲ ಎಂದು ಅವನೇ ಬರೆಸಿದ್ದ. ಸುಳ್ಳು ಬರೆದವನಲ್ಲ ಅವನು. ಅವನ ಮೇಜಿಗೆ ನಿಜವಾಗಿಯೂ ಬಂದಿರಲಿಲ್ಲ.

ಅವತ್ತು ಸಭೆ ನಡೆಯಲಿಲ್ಲ. ಆಮೇಲಿನ ವಾರಗಳಲ್ಲಿ ಸಾಹೇಬರು ತಾವೇ ಜೀಪು ಹತ್ತಿ ಊರೂರಿಗೆ ಹೋದರು. ಕೆಲವರ ಮಾತು ಸಿಕ್ಕಿತು. ಕೆಲವು ಊರುಗಳು ಆಗಲೇ ಖಾಲಿಯಾಗಿದ್ದವು, ಅಲ್ಲಿ ಕೇಳಲು ಯಾರೂ ಇರಲಿಲ್ಲ. ಹಾಲಹಟ್ಟಿ ಇಡಿಯಾಗಿ ಒಂದೇ ಕಡೆ ಹೋಯಿತು. ಬೀಳಗಿ ಕಡೆಯ ಎತ್ತರದ ಜಾಗ. ಕಲ್ಲು ಜಾಸ್ತಿ, ನೀರು ಕಡಿಮೆ, ಆದರೆ ಎರಡೂ ದಂಡೆಯ ಮನೆಗಳು ಎದುರುಬದುರು.

ಮಾಲಾಳ ಪರವಾನಗಿ ಆ ದಿನವೇ ಹೋಯಿತು. ಅವಳು ವಾದ ಮಾಡಲಿಲ್ಲ. ಕೆಲವು ದಿನ ಬಿಟ್ಟು, ಬರೆದುಕೊಂಡಿದ್ದನ್ನೆಲ್ಲ ತಂದು ಗಿರಿಮಲ್ಲಪ್ಪನ ಮೇಜಿನ ಮೇಲಿಟ್ಟಳು. ಅವನು ಎದ್ದು ನಿಂತು ತೆಗೆದುಕೊಂಡ. "ನನ್ನಿಂದ ಆಗೂದಿಲ್ರೀ ಮೇಡಂ, ನೇಮ ನೇಮನ," ಎಂದ. ಹೋಗುವಾಗ ಬಾಗಿಲವರೆಗೂ ಬಂದು ಬಿಟ್ಟ. ಬಾಗಿಲಲ್ಲಿ ಹೊಳೆಪ್ಪ ಇರಲಿಲ್ಲ. ಅವನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದರು. ಬದಲಿಗೆ ಬಂದವನಿಗೆ, ಯಾರೇನು ಹೇಳಿದರೂ ಮೇಜಿನ ಕಡೆ ಕೈ ತೋರಿಸಲು ಕಲಿಸಿದ್ದರು.

ಜಮಖಂಡಿಯಲ್ಲಿ ಜನ ನಾಲ್ಕು ಮಾತಾಡಿದರು. ಓದು ಅರ್ಧಕ್ಕೆ ಬಿಟ್ಟಳು ಅಂದರು, ಕುರಿ ಕಾಯುವವರಿಗೆ ಯಾಕೆ ಬೇಕಿತ್ತು ಅಂದರು. ಮಾಲಾ ಅತ್ತಳು, ಬೈದಳು, ಒಂದಿಡೀ ಮಳೆಗಾಲ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮೊದಲಿನಿಂದ ಶುರು ಮಾಡಿದಳು. ಮುಧೋಳ, ಲೋಕಾಪುರ, ಮಹಾಲಿಂಗಪುರ, ಸಿಕ್ಕ ಸಣ್ಣ ಕಚೇರಿಗಳ ಬಾಗಿಲ ಹೊರಗೆ ಜನರ ಸಾಲಿನಲ್ಲಿ ನಿಂತು ನೋಡಿದಳು. ಹೊರಗೆ ನಿಲ್ಲಲು ಯಾರ ಪರವಾನಗಿಯೂ ಬೇಕಿರಲಿಲ್ಲ. ಪಿಎಚ್‌ಡಿ ಬರುವಷ್ಟರಲ್ಲಿ ತಲೆಯಲ್ಲಿ ಬಿಳಿಗೂದಲು ಬಂದಿದ್ದವು. ಮೌಖಿಕ ಪರೀಕ್ಷೆಯಲ್ಲಿ ದೂರದಿಂದ ಬಂದ ಪರೀಕ್ಷಕರು, "ನೀವು ಬಾಗಿಲಿನ ಒಳಗೆ ಕೂತು ನೋಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು," ಎಂದರು. ಬಸಗೊಂಡಪ್ಪ ಸರ್ ಕಿಟಕಿಯ ಕಡೆ ಮುಖ ತಿರುಗಿಸಿದರು. ಮಾಲಾ, "ಹೌದು ಸರ್," ಎಂದಳು.

ಪದವಿ ಬಂದ ವರ್ಷ ಹೊಸ ಹಾಲಹಟ್ಟಿಯಲ್ಲಿ ಬೀರೇಶ್ವರನ ಗುಡಿಗೆ ಹೊಸ ಹೊಸ್ತಿಲು ಕೂರಿಸಿದರು. ಅವತ್ತು ಊರಿಗೆಲ್ಲ ಊಟ. ಮಾಲಾ ಅಡುಗೆಯವರ ಜೊತೆ ಇದ್ದಳು. ಬಿಸಿಲು ಏರುವ ಹೊತ್ತಿಗೆ ಮಾಯವ್ವ ಅವಳ ತೋಳು ಹಿಡಿದು ಗಟ್ಟಿಯಾಗಿ ಜಗ್ಗಿದಳು. ದೂರದಲ್ಲಿ, ರಸ್ತೆಯ ಅಂಚಿನ ಜಾಲಿಯ ನೆರಳಿನಲ್ಲಿ ಒಬ್ಬ ಮುದುಕ ನಿಂತಿದ್ದ. ಪೇಟವಿಲ್ಲದ ಬೋಳು ತಲೆ. ಗುರುತು ಹಿಡಿಯಲು ಮಾಲಾಗೆ ಹೊತ್ತು ಬೇಕಾಯಿತು. ಹೊಳೆಪ್ಪ. ನಿವೃತ್ತಿಯಾಗಿತ್ತು. ಅವನನ್ನು ಯಾರು ಕರೆದಿದ್ದರೋ, ಅಥವಾ ತಾನೇ ಸುದ್ದಿ ಕೇಳಿ ಬಂದಿದ್ದನೋ. ಇಷ್ಟು ದೂರ ಬಂದವನು ಊರೊಳಗೆ ಕಾಲಿಡಲು ಹಿಂಜರಿದು ಅಲ್ಲೇ ನಿಂತುಬಿಟ್ಟಿದ್ದ.

ಜಕ್ಕಪ್ಪ ಗುಡಿಯ ಮುಂದೆ ಹಿರಿಯರ ನಡುವೆ ಕೂತಿದ್ದ. ಅವನೂ ನೋಡಿದ. ಎದ್ದ.

"ಹೊಳೆಪ್ಪ, ಬಾ," ಎಂದು ಕರೆದ.

ಎಲ್ಲರೂ ತಿರುಗಿದರು. ಹೊಳೆಪ್ಪ ಕೈಮುಗಿದ. ಬರಲಿಲ್ಲ. ಬರಲು ಅವನಿಂದಾಗಲಿಲ್ಲ, ಅಷ್ಟು ದೂರದಿಂದಲೂ ಅವನ ಭುಜ ಕುಗ್ಗಿದ್ದು ಕಾಣುತ್ತಿತ್ತು. ತಿರುಗಿ ಹೊರಡಲು ಒಂದು ಹೆಜ್ಜೆ ಎತ್ತಿದ.

ಊರಿಗೆ ಊರೇ ಜಕ್ಕಪ್ಪನ ಮುಖ ನೋಡುತ್ತ ನಿಂತಿತು. ಕರೆದಾಯಿತು, ಮುಗಿಯಿತು, ಇನ್ನು ಆ ಮನುಷ್ಯ ಹೊರಟುಹೋಗುತ್ತಾನೆ ಎಂದು ಮಾಲಾ ಅಂದುಕೊಂಡಳು. ತಾನೇ ಓಡಿಹೋಗಿ ಕರೆತರಬೇಕೆಂದು ಸೌಟು ಕೆಳಗಿಟ್ಟಳು. ಮಾಯವ್ವ ತೋಳು ಬಿಡಲಿಲ್ಲ.

ಜಕ್ಕಪ್ಪ ಕಂಬಳಿ ಸರಿಪಡಿಸಿಕೊಂಡು ಹೊಸ್ತಿಲಿಂದ ನಾಲ್ಕು ಹೆಜ್ಜೆ ಮುಂದೆ ಬಂದ.

"ಹೊಳೆಪ್ಪ," ಎಂದ ಮತ್ತೊಮ್ಮೆ, ಮೊದಲಿಗಿಂತ ದೊಡ್ಡ ದನಿಯಲ್ಲಿ. "ಬಾರಪಾ. ಬಾ, ಉಣ್ಣೂಣು ಬಾ."